ಕಬ್ಬಿಣಾಂಶದ ಮಾತ್ರೆ: ಕೊಟ್ಟ ಲೆಕ್ಕ ಬೇರೆ, ನುಂಗಿದ ಲೆಕ್ಕ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಗರ್ಭಿಣಿಯರ ರಕ್ತಹೀನತೆಯ ಬಗ್ಗೆ ಬರುವ ವರದಿಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸುತ್ತದೆ: ಮಾತ್ರೆ ಕೊಟ್ಟರೂ ಹೆಣ್ಣುಮಕ್ಕಳು ನುಂಗುವುದಿಲ್ಲ, ಅವರಿಗೆ ತಿಳಿವಳಿಕೆ ಸಾಲದು. ಈ ಮಾತಿಗೆ ನಮ್ಮ ತಕರಾರಿದೆ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟವರನ್ನು ಸಮಾಧಾನದಿಂದ ವಿಚಾರಿಸಿದರೆ ಸ್ಪಷ್ಟವಾದ ಕಾರಣವೇ ಹೊರಬರುತ್ತದೆ. ವಾಕರಿಕೆ ಬಂತು, ಮಲ ಕಪ್ಪಗಾಯಿತು, ಮಲ ಗಟ್ಟಿಯಾಗಿ ಒದ್ದಾಡಬೇಕಾಯಿತು, ಸ್ಟ್ರಿಪ್ ಮುಗಿದ ಮೇಲೆ ಮತ್ತೆ ಸಿಗಲಿಲ್ಲ, ಎಷ್ಟು ದಿನ ನುಂಗಬೇಕೆಂದು ಯಾರೂ ಹೇಳಲಿಲ್ಲ. ಇವೆಲ್ಲವಕ್ಕೂ ಪರಿಹಾರವಿದೆ. ಆ ಪರಿಹಾರವನ್ನು ಮೊದಲ ಸ್ಟ್ರಿಪ್ ಕೈಗಿಡುವಾಗಲೇ ಹೇಳಬೇಕಾದ ಹೊಣೆ ಮಾತ್ರೆ ಕೊಡುವವರದು. ಅದನ್ನು ವಿವರವಾಗಿ ಬರೆದರೆ ಗರ್ಭಿಣಿಯರಿಗೂ ಮನೆಯವರಿಗೂ ಆರೋಗ್ಯ ಕಾರ್ಯಕರ್ತರಿಗೂ ಉಪಯೋಗವಾದೀತು ಎಂದು ಈ ಪತ್ರ.

ಮಾತ್ರೆ ಯಾಕೆ ಬೇಕು, ಊಟದಲ್ಲೇ ಸಿಗುವುದಿಲ್ಲವೇ ಎಂಬ ಪ್ರಶ್ನೆ ಎಲ್ಲರದೂ. ಒಂದು ಬಸುರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅದರಲ್ಲಿ ಸುಮಾರು 300 ಮಗುವಿಗೂ ಮಾಸಿಗೂ ಹೋಗುತ್ತದೆ, ಸುಮಾರು 500 ತಾಯಿಯ ಹೊಸ ಕೆಂಪು ರಕ್ತಕಣಗಳಿಗೆ, ಉಳಿದದ್ದು ದೇಹ ದಿನವೂ ಕಳೆದುಕೊಳ್ಳುವ ಪಾಲು. ಈ ಬೇಡಿಕೆ ಒಂಬತ್ತು ತಿಂಗಳಿಗೂ ಸಮನಾಗಿ ಹಂಚಿಲ್ಲ. ಮೊದಲ ಮೂರು ತಿಂಗಳಲ್ಲಿ ಮುಟ್ಟು ನಿಂತಿರುವುದರಿಂದ ಬೇಡಿಕೆ ಕಡಿಮೆಯೇ. ಐದನೇ ತಿಂಗಳು ದಾಟಿದ ಮೇಲೆ ದಿನಕ್ಕೆ 6ರಿಂದ 7 ಮಿಲಿಗ್ರಾಂ ರಕ್ತಕ್ಕೆ ಸೇರಲೇಬೇಕು. ದಿನದ ಊಟದಲ್ಲಿ 15 ಮಿಲಿಗ್ರಾಂ ಕಬ್ಬಿಣಾಂಶ ಇದೆ ಎಂದುಕೊಂಡರೂ, ಅದರ ಹತ್ತನೇ ಒಂದು ಭಾಗ ಹೀರಲ್ಪಟ್ಟರೆ ಸಿಗುವುದು ಒಂದೂವರೆ ಮಿಲಿಗ್ರಾಂ. ಗರ್ಭಾವಸ್ಥೆಯಲ್ಲಿ ಕರುಳಿನ ಹೀರಿಕೆ ಹೆಚ್ಚುತ್ತದೆ, ನಿಜ. ಆದರೂ ಗರ್ಭ ಧರಿಸುವ ಮುಂಚೆಯೇ ದಾಸ್ತಾನು ಬರಿದಾಗಿದ್ದವರಿಗೆ ಈ ಅಂತರ ಊಟದಿಂದ ತುಂಬುವುದಿಲ್ಲ. ಒಳ್ಳೆಯ ಊಟ ಬೇಕೇ ಬೇಕು, ಮಾತ್ರೆಯ ಜಾಗದಲ್ಲಿ ಅದು ನಿಲ್ಲಲಾರದು ಅಷ್ಟೇ. "ಮನೆಯಲ್ಲೇ ರಕ್ತ ಹೆಚ್ಚಿಸಿಕೊಳ್ಳಿ" ಎಂದು ಆಹಾರದ ಪಟ್ಟಿ ಪ್ರಕಟಿಸುವ ಅಂಕಣಗಳು ಗರ್ಭಿಣಿಯರ ವಿಷಯದಲ್ಲಿ ಈ ಒಂದು ಸಾಲನ್ನು ಸೇರಿಸಿದರೆ ದೊಡ್ಡ ಉಪಕಾರ.

ಇನ್ನು ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಿಗೆ ಹೇಳಿರುವುದು ದಿನಕ್ಕೆ 30ರಿಂದ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತಹೀನತೆ ಹೆಚ್ಚಾಗಿರುವ ಕಡೆ 60ನ್ನೇ ಹಿಡಿಯುತ್ತಾರೆ. ಈ ಸಂಖ್ಯೆಯನ್ನು ಸ್ಟ್ರಿಪ್‌ನ ಹಿಂಬದಿಯಲ್ಲಿ ಹುಡುಕುವಾಗ ಎಷ್ಟೋ ಜನ ತಪ್ಪುತ್ತಾರೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಲವಣದ, ಅಂದರೆ ಕಬ್ಬಿಣ ಬೆರೆತಿರುವ ಇಡೀ ರಾಸಾಯನಿಕದ ತೂಕ, ಕಬ್ಬಿಣಾಂಶದ ತೂಕವಲ್ಲ. ಫೆರಸ್ ಫ್ಯೂಮರೇಟ್ ಆದರೆ 180 ಮಿಲಿಗ್ರಾಂನಲ್ಲಿ ಇರುವ ಕಬ್ಬಿಣಾಂಶ 60. ಸಾಮಾನ್ಯ ಫೆರಸ್ ಸಲ್ಫೇಟ್ ಆದರೆ ಅದೇ 60ಕ್ಕೆ 300 ಬೇಕು. ನೀರಿನಂಶ ತೆಗೆದ ಫೆರಸ್ ಸಲ್ಫೇಟ್ ಆದರೆ 200 ಮಿಲಿಗ್ರಾಂನಲ್ಲೇ ಸುಮಾರು 65 ಇರುತ್ತದೆ. ಫೆರಸ್ ಗ್ಲುಕೋನೇಟ್‌ನಲ್ಲಿ ಕಬ್ಬಿಣಾಂಶ ಬರೀ ಶೇ 12, ಅಂದರೆ 60ಕ್ಕೆ 500 ಬೇಕು. "300ರ ಮಾತ್ರೆ 180ಕ್ಕಿಂತ ಜೋರು" ಎಂದು ಭಾವಿಸಿ ಅಂಗಡಿಯಲ್ಲಿ ಬದಲಾಯಿಸಿಕೊಂಡು ಬರುವವರಿದ್ದಾರೆ. ಎರಡು ಬೇರೆ ಬೇರೆ ಮಾತ್ರೆಗಳಲ್ಲಿ ಕಬ್ಬಿಣಾಂಶ ಇದ್ದು, ಗೊತ್ತಿಲ್ಲದೆ ಎರಡನ್ನೂ ನುಂಗುವವರೂ ಇದ್ದಾರೆ. ಲೇಬಲ್‌ನಲ್ಲಿ "ಇಷ್ಟು ಕಬ್ಬಿಣಾಂಶಕ್ಕೆ ಸಮ" ಎಂದು ಬರೆದ ಸಂಖ್ಯೆಯನ್ನೇ ನೋಡಬೇಕು. ಅದು ಕಾಣದಿದ್ದರೆ ಔಷಧ ಅಂಗಡಿಯವರನ್ನು ಕೇಳಿ ಸ್ಟ್ರಿಪ್ ಮೇಲೆ ಪೆನ್ನಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಮಾತ್ರೆ ನಿಲ್ಲುವುದು ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ. ಹಾಗಾಗಿ ಈ ಎರಡು ವಾರದ ಬಗ್ಗೆ ಕೊಂಚ ವಿವರವಾಗಿಯೇ ಹೇಳಬೇಕು.

60 ಮಿಲಿಗ್ರಾಂ ನುಂಗಿದರೆ ರಕ್ತಕ್ಕೆ ಸೇರುವುದು ಕೆಲವೇ ಮಿಲಿಗ್ರಾಂ. ಉಳಿದ ಬಹುಪಾಲು ಹಾಗೆಯೇ ಕರುಳಿನಲ್ಲಿ ಸಾಗುತ್ತದೆ. ಹೊಟ್ಟೆಯ ತೊಂದರೆಗಳಿಗೆಲ್ಲ ಮೂಲ ಈ ಉಳಿದ ಕಬ್ಬಿಣಾಂಶ. ಜಠರದ ಒಳಪದರವನ್ನು ಅದು ಕೆರಳಿಸಿದರೆ ವಾಕರಿಕೆ, ಎದೆಯುರಿ, ಬಾಯಲ್ಲಿ ಲೋಹದ ರುಚಿ. ಕೆಳಗಿಳಿದ ಮೇಲೆ ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಭೇದಿ. ಕೊನೆಗೆ ಮಲದ ಬಣ್ಣ ಕಪ್ಪು ಅಥವಾ ಕಡುಹಸಿರು. ಮೊದಲೇ ಹೇಳದಿದ್ದರೆ ಈ ಕೊನೆಯದು ಹುಟ್ಟಿಸುವ ಗಾಬರಿ ಅಷ್ಟಿಷ್ಟಲ್ಲ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇನೋ ಎಂಬ ಭಯ, ಮಗುವಿಗೆ ಏನಾಯಿತೋ ಎಂಬ ಅಳುಕು. ಮಲದ ಬಣ್ಣ ನೋಡಿ ಮಗುವೂ ಕಪ್ಪಗೆ ಹುಟ್ಟುತ್ತದೆ ಎಂದು ನಂಬಿ ಮಾತ್ರೆ ಬಿಟ್ಟವರೂ ಉಂಟು. ಮಗುವಿನ ಮೈಬಣ್ಣ ತಂದೆತಾಯಿಯಿಂದ ಬರುವುದು. ಮಾತ್ರೆಗೂ ಅದಕ್ಕೂ ಸಂಬಂಧವಿಲ್ಲ. "ನಾಳೆ ನಾಡಿದ್ದರಲ್ಲಿ ಮಲ ಕಪ್ಪಗಾಗುತ್ತದಮ್ಮ, ಅದು ಮಾತ್ರೆಯ ಬಣ್ಣ, ಹೆದರಬೇಡ" ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಈ ಗಾಬರಿ ಹುಟ್ಟುವುದೇ ಇಲ್ಲ. ಆದರೆ ಮಲ ಡಾಂಬರಿನಂತೆ ಅಂಟಂಟಾಗಿ, ಜಿಗುಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ, ಕೆಂಪು ರಕ್ತ ಕಂಡರೆ ಅಥವಾ ಜೊತೆಗೆ ತಲೆಸುತ್ತು, ಹೊಟ್ಟೆನೋವು ಇದ್ದರೆ ಅದು ಮಾತ್ರೆಯ ಬಣ್ಣವಲ್ಲ. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ವಾಕರಿಕೆಯ ವಿಷಯದಲ್ಲಿ ಮಾತ್ರೆಯ ಮೇಲೆ ಬರುವ ದೂರು ಪೂರ್ತಿ ಮಾತ್ರೆಯದಲ್ಲ. ಗರ್ಭಾವಸ್ಥೆಯ ಹಾರ್ಮೋನುಗಳೇ ಮೊದಲ ತಿಂಗಳುಗಳಲ್ಲಿ ವಾಂತಿ ತರಿಸುತ್ತವೆ, ಕರುಳಿನ ಚಲನೆಯನ್ನು ನಿಧಾನಗೊಳಿಸಿ ಮಲಬದ್ಧತೆ ತರುತ್ತವೆ. ಅದೇ ಸಮಯಕ್ಕೆ ಮಾತ್ರೆಯೂ ಶುರುವಾದರೆ ತಪ್ಪೆಲ್ಲ ಅದರ ತಲೆಗೆ. ವಾಂತಿ ಜೋರಾಗಿರುವವರು ಮೊದಲ ಮೂರು ತಿಂಗಳು ಫೋಲಿಕ್ ಆಮ್ಲವನ್ನು ಮಾತ್ರ ಮುಂದುವರಿಸಿ, ವಾಂತಿ ಇಳಿದ ಮೇಲೆ ಕಬ್ಬಿಣಾಂಶ ಶುರು ಮಾಡಬಹುದೇ ಎಂದು ವೈದ್ಯರನ್ನು ಕೇಳಬೇಕು. ಫೋಲಿಕ್ ಆಮ್ಲದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು: ಮಗುವಿನ ಬೆನ್ನುಹುರಿಯಾಗಿ ಬೆಳೆಯುವ ನಾಳ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಬಹಳಷ್ಟು ಜನರಿಗೆ ಬಸುರಿ ಎಂದು ಗೊತ್ತಾಗುವುದೇ ಆ ಹೊತ್ತಿಗೆ. ಹಾಗಾಗಿ ಫೋಲಿಕ್ ಆಮ್ಲವನ್ನು ಮಗು ಬೇಕೆಂದುಕೊಂಡಾಗಲೇ ಶುರು ಮಾಡಬೇಕು.

ಖಾಲಿ ಹೊಟ್ಟೆಯಲ್ಲಿ, ಅಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆಯ ಮೇಲೆ ನುಂಗಿದರೆ ಹೀರಿಕೆ ಚೆನ್ನಾಗಿರುತ್ತದೆ. ಖಾಲಿ ಹೊಟ್ಟೆಯಲ್ಲೇ ವಾಕರಿಕೆಯೂ ಹೆಚ್ಚು. ಇಲ್ಲಿ ಪುಸ್ತಕದ ನಿಯಮಕ್ಕೆ ಜೋತುಬೀಳಬಾರದು ಎಂಬುದು ನಮ್ಮ ಅಭಿಪ್ರಾಯ. ಊಟದ ಜೊತೆ ನುಂಗಿದ ಮಾತ್ರೆಯಿಂದ ದೇಹಕ್ಕೆ ಕಡಿಮೆ ಸಿಗುತ್ತದೆ, ಆದರೂ ಸಿಗುತ್ತದೆ. ಸ್ಟ್ರಿಪ್‌ನಲ್ಲೇ ಉಳಿದ ಮಾತ್ರೆಯಿಂದ ಏನೂ ಸಿಗುವುದಿಲ್ಲ. ಖಾಲಿ ಹೊಟ್ಟೆ ಒಗ್ಗದವರು ಸ್ವಲ್ಪ ಏನಾದರೂ ತಿಂದು ನುಂಗಲಿ. ಅದೂ ಆಗದಿದ್ದರೆ ರಾತ್ರಿ ಮಲಗುವ ಮುಂಚೆ ನುಂಗಲಿ, ವಾಕರಿಕೆ ಬರುವ ಹೊತ್ತಿಗೆ ನಿದ್ದೆ ಹತ್ತಿರುತ್ತದೆ. ರಾತ್ರಿ ನುಂಗುವವರಿಗೆ ಒಂದು ಎಚ್ಚರಿಕೆ: ಒಂದು ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಬಾರದು. ಮಾತ್ರೆ ಅನ್ನನಾಳದಲ್ಲೇ ಅಂಟಿ ನಿಂತರೆ ಅಲ್ಲಿ ಹುಣ್ಣಾಗಬಹುದು. ಲೋಟ ತುಂಬ ನೀರು ಕುಡಿದು ಅರ್ಧ ಗಂಟೆಯಾದರೂ ಎದ್ದು ಕೂತಿರಬೇಕು.

ಮಲಬದ್ಧತೆಗೆ ನೀರು, ನಾರಿನಂಶ, ನಡಿಗೆ ಎಂದು ಎಲ್ಲರೂ ಹೇಳುತ್ತಾರೆ. ಅಷ್ಟಕ್ಕೇ ಸರಿಹೋಗದಿದ್ದರೆ ಸುಮ್ಮನೆ ಸಹಿಸಿಕೊಳ್ಳಬೇಕಿಲ್ಲ. ಗರ್ಭಿಣಿಯರಿಗೆ ಸುರಕ್ಷಿತವಾದ ಲ್ಯಾಕ್ಟುಲೋಸ್‌ನಂಥ ಔಷಧಗಳಿವೆ. ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಮುಂದಿನ ಹೆಜ್ಜೆ ಪ್ರಮಾಣ ಇಳಿಸುವುದು. ಹೊಟ್ಟೆಯ ತೊಂದರೆ ಮುಖ್ಯವಾಗಿ ಕಬ್ಬಿಣಾಂಶದ ಪ್ರಮಾಣವನ್ನು ಅವಲಂಬಿಸಿದೆ. ಹೆಸರು ಬದಲಾದ ಮಾತ್ರೆಯಲ್ಲಿ "ಏನೂ ತೊಂದರೆಯಾಗಲಿಲ್ಲ" ಎನ್ನುವವರ ಹೊಸ ಮಾತ್ರೆಯಲ್ಲಿ ಕಬ್ಬಿಣಾಂಶವೇ ಅರ್ಧದಷ್ಟು ಇರುವುದುಂಟು. ಕರುಳಿನಲ್ಲಿ ನಿಧಾನವಾಗಿ ಬಿಡುಗಡೆಯಾಗುವ, ಮೇಲ್ಪದರವಿರುವ ಮಾತ್ರೆಗಳು ಹೊಟ್ಟೆಗೆ ಹಿತ ಎನ್ನಿಸುವುದಕ್ಕೂ ಇಂಥದ್ದೇ ಕಾರಣ. ಕಬ್ಬಿಣಾಂಶ ಹೆಚ್ಚಾಗಿ ಹೀರಲ್ಪಡುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಈ ಮಾತ್ರೆಗಳು ಆ ಜಾಗ ದಾಟಿದ ಮೇಲೆ ಕರಗುತ್ತವೆ, ತೊಂದರೆಯೂ ಕಡಿಮೆ, ಪ್ರಯೋಜನವೂ ಕಡಿಮೆ. ದುಬಾರಿ ಮಾತ್ರೆ ಎಂದರೆ ಒಳ್ಳೆಯ ಮಾತ್ರೆ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ದಿನ ಬಿಟ್ಟು ದಿನ ನುಂಗುವ ಕ್ರಮದ ಬಗ್ಗೆ ಈಗೀಗ ಬಹಳ ಪ್ರಶ್ನೆಗಳು ಬರುತ್ತಿವೆ. ಅದರ ಹಿಂದಿನ ವಿಜ್ಞಾನ ಹೀಗೆ. ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಕರುಳಿನಿಂದ ರಕ್ತಕ್ಕೆ ಕಬ್ಬಿಣಾಂಶ ಹೋಗುವ ಬಾಗಿಲನ್ನು ಮುಚ್ಚುವುದು ಅದರ ಕೆಲಸ. 60 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಒಂದು ಡೋಸ್ ನುಂಗಿದರೆ ಹೆಪ್ಸಿಡಿನ್ ಏರಿ ಸುಮಾರು 24 ಗಂಟೆ ಮೇಲೆಯೇ ಇರುತ್ತದೆ. ಆ ಅವಧಿಯೊಳಗೆ ನುಂಗಿದ ಮುಂದಿನ ಡೋಸ್‌ನಿಂದ ಸಿಗುವ ಪಾಲು ಕುಗ್ಗುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗಿದರೆ ಎರಡರಷ್ಟು ಸಿಗುವುದಿಲ್ಲ, ತೊಂದರೆ ಮಾತ್ರ ಹೆಚ್ಚುತ್ತದೆ. ಬ್ರಿಟನ್ನಿನ ರಕ್ತಶಾಸ್ತ್ರ ತಜ್ಞರ 2020ರ ಮಾರ್ಗಸೂಚಿ ಇದೇ ಕಾರಣಕ್ಕೆ ರಕ್ತಹೀನತೆ ಇರುವ ಗರ್ಭಿಣಿಗೂ ದಿನಕ್ಕೊಮ್ಮೆ ಬೆಳಿಗ್ಗೆ 40ರಿಂದ 80 ಮಿಲಿಗ್ರಾಂ ಸಾಕು ಎನ್ನುತ್ತದೆ, ಸಹಿಸಲಾಗದವರಿಗೆ ದಿನ ಬಿಟ್ಟು ದಿನ ಕೊಡಬಹುದು ಎಂದೂ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ರಕ್ತಹೀನತೆ ಕಂಡರೆ ಹಿಮೊಗ್ಲೋಬಿನ್ ಸರಿಹೋಗುವವರೆಗೆ ದಿನಕ್ಕೆ 120 ಮಿಲಿಗ್ರಾಂ ಎನ್ನುತ್ತದೆ. ಎರಡು ಮಾರ್ಗಸೂಚಿಗಳು ಒಂದೇ ಮಾತು ಹೇಳುತ್ತಿಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ತನಗೆ ಯಾವುದು ಎಂದು ಗರ್ಭಿಣಿ ತನ್ನ ವೈದ್ಯರ ಜೊತೆ ಕೂತು ನಿರ್ಧರಿಸಬೇಕಾದ ವಿಷಯ ಇದು. ತೊಂದರೆ ತಡೆಯಲಾರದೆ ಪೂರ್ತಿ ನಿಲ್ಲಿಸಿದವರಿಗೆ ದಿನ ಬಿಟ್ಟು ದಿನದ ಕ್ರಮ ಮತ್ತೆ ಶುರು ಮಾಡಲು ಒಂದು ದಾರಿ ಎಂಬುದಂತೂ ಖಂಡಿತ. ರಕ್ತಹೀನತೆಯ ಪ್ರಮಾಣ ಶೇ 20ಕ್ಕಿಂತ ಕಡಿಮೆ ಇರುವ ಸಮುದಾಯಗಳಲ್ಲಿ, ದಿನವೂ ನುಂಗಲು ಒಪ್ಪದವರಿಗೆ ವಾರಕ್ಕೊಮ್ಮೆ 120 ಮಿಲಿಗ್ರಾಂ ಕಬ್ಬಿಣಾಂಶ ಮತ್ತು 2.8 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಡಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಮಾತ್ರೆ ನುಂಗಿದರೂ ವ್ಯರ್ಥವಾಗುವ ಬಗೆಯೊಂದಿದೆ, ಅದು ಜೊತೆಗೆ ಏನು ಕುಡಿದರು, ಏನು ನುಂಗಿದರು ಎಂಬುದಕ್ಕೆ ಸೇರಿದ್ದು. ಚಹಾ, ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಕಬ್ಬಿಣಾಂಶವನ್ನು ಕಟ್ಟಿಹಾಕುತ್ತವೆ. ಹಾಲು ಮತ್ತು ಕ್ಯಾಲ್ಸಿಯಂ ಮಾತ್ರೆ ಹೀರಿಕೆಗೆ ಅಡ್ಡ ಬರುತ್ತವೆ. ಎದೆಯುರಿಗೆ ಕುಡಿಯುವ ಆಂಟಾಸಿಡ್ ಮತ್ತು ಆಮ್ಲ ತಗ್ಗಿಸುವ ಮಾತ್ರೆಗಳಿಂದ ಜಠರದ ಆಮ್ಲ ಕಡಿಮೆಯಾಗಿ ಕಬ್ಬಿಣಾಂಶ ಕರಗುವುದೇ ಕಷ್ಟವಾಗುತ್ತದೆ. ಚಹಾ, ಕಾಫಿ, ಹಾಲಿಗೂ ಮಾತ್ರೆಗೂ ನಡುವೆ ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ ಅಂತರವಿರಲಿ. ಥೈರಾಯ್ಡ್‌ಗೆ ಲಿವೋಥೈರಾಕ್ಸಿನ್ ನುಂಗುವವರು ಹೆಚ್ಚು ಜಾಗ್ರತೆ ವಹಿಸಬೇಕು. ಕಬ್ಬಿಣಾಂಶವೂ ಕ್ಯಾಲ್ಸಿಯಂ ಕೂಡ ಆ ಔಷಧದ ಹೀರಿಕೆಯನ್ನೇ ಕೆಡಿಸುತ್ತವೆ, ಹಾಗಾಗಿ ಅದಕ್ಕೂ ಇವುಗಳಿಗೂ 4 ಗಂಟೆ ಅಂತರ ಬೇಕು.

ಇಲ್ಲಿ ಆಸ್ಪತ್ರೆಗಳದೇ ದೊಡ್ಡ ಲೋಪ. ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಎರಡನ್ನೂ ಒಂದೇ ಪೊಟ್ಟಣದಲ್ಲಿ ಹಾಕಿ, "ದಿನಾ ತಗೊಳ್ಳಿ" ಎಂದು ಹೇಳಿ ಕಳಿಸಿದರೆ ಆಕೆ ಎರಡನ್ನೂ ಒಟ್ಟಿಗೇ ನುಂಗುತ್ತಾಳೆ. ಬೇರೆ ಏನು ಮಾಡಬೇಕಿತ್ತು? ನಾವು ಸೂಚಿಸುವ ವೇಳಾಪಟ್ಟಿ ಸರಳ. ಥೈರಾಯ್ಡ್ ಮಾತ್ರೆ ಇದ್ದರೆ ಬೆಳಿಗ್ಗೆ ಎದ್ದ ಕೂಡಲೇ, ಬರೀ ನೀರಿನಲ್ಲಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆ, ಎರಡನೆಯದಿದ್ದರೆ ಸಂಜೆ ಏನಾದರೂ ತಿನ್ನುವಾಗ. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಬೇಡ. ಕಬ್ಬಿಣಾಂಶ ರಾತ್ರಿ ಊಟವಾಗಿ ಎರಡು ಗಂಟೆಯ ಮೇಲೆ. ರಾತ್ರಿ ಹಾಲು ಕುಡಿಯುವ ಅಭ್ಯಾಸವಿದ್ದರೆ ಅದನ್ನು ಸಂಜೆಗೆ ಸರಿಸಬೇಕು. ಹೀರಿಕೆಯ ದೃಷ್ಟಿಯಿಂದ ಬೆಳಗಿನ ಹೊತ್ತು ಮೇಲು ಎನ್ನುವುದಕ್ಕೆ ಆಧಾರವಿದೆ, ಹೆಪ್ಸಿಡಿನ್ ಆಗ ಕಡಿಮೆ ಇರುತ್ತದೆ. ಥೈರಾಯ್ಡ್ ಮಾತ್ರೆಯೂ ವಾಂತಿಯೂ ಇಲ್ಲದವರು ಬೆಳಿಗ್ಗೆಯೇ ನುಂಗಲಿ. ಇನ್ನು ವಿಟಮಿನ್ ಸಿ. ಅದು ಹೀರಿಕೆಗೆ ನೆರವಾಗುತ್ತದೆ ನಿಜ, ಆದರೆ ಅದಕ್ಕಾಗಿ ಇನ್ನೊಂದು ಮಾತ್ರೆ ಕೊಳ್ಳುವ ಅಗತ್ಯವಿಲ್ಲ. ಹಣ್ಣಿನ ರಸ ಸಿಕ್ಕದ ದಿನ ನೀರಿನಲ್ಲೇ ನುಂಗಿದರೆ ಸಾಕು, ರಸವಿಲ್ಲವೆಂದು ಮಾತ್ರೆ ತಪ್ಪಿಸಬಾರದು.

ಈಗ ಎಣಿಕೆಗೆ ಬರೋಣ, ಏಕೆಂದರೆ ಮಾತ್ರೆ ತಪ್ಪುವುದರಲ್ಲಿ ಲೆಕ್ಕದ ತಪ್ಪಿಗೂ ಪಾಲಿದೆ. 12ನೇ ವಾರ ಮುಗಿದು ಶುರು ಮಾಡಿ 40ನೇ ವಾರಕ್ಕೆ ಹೆರಿಗೆಯಾದರೆ ನಡುವೆ 28 ವಾರ, ಅಂದರೆ 196 ದಿನ. 10 ಮಾತ್ರೆಯ ಸ್ಟ್ರಿಪ್ ಆದರೆ ಸುಮಾರು 20 ಸ್ಟ್ರಿಪ್. ಮೊದಲ ದಿನವೇ ಈ ಸಂಖ್ಯೆಯನ್ನು ಹೇಳಿದರೆ ಒಂದು ಸ್ಟ್ರಿಪ್ ಮುಗಿಸಿ "ಕೋರ್ಸ್ ಆಯಿತು" ಎಂದುಕೊಳ್ಳುವುದು ತಪ್ಪುತ್ತದೆ. ಮುಂದಿನ ತಪಾಸಣೆ 5 ವಾರದ ಮೇಲೆ ಎಂದು ಬರೆದುಕೊಟ್ಟು 30 ಮಾತ್ರೆ ಕೊಟ್ಟರೆ ಕೊನೆಯ 5 ದಿನ ಖಾಲಿ. ತಪಾಸಣೆಯ ದಿನ ರಜೆ ಬಂದರೆ, ಆಕೆ ಊರಲ್ಲಿ ಇಲ್ಲದಿದ್ದರೆ ಖಾಲಿ ದಿನಗಳು ಎರಡು ವಾರವೂ ಆಗಬಹುದು. ಬಿಟ್ಟು ಮತ್ತೆ ಹಿಡಿಯುವಾಗ ವಾಕರಿಕೆ ಹೊಸದಾಗಿ ಕಾಡಬಹುದು, ಆಗ ಪೂರ್ತಿ ನಿಂತುಹೋಗುತ್ತದೆ. ಪ್ರತಿ ಸಲವೂ ಮುಂದಿನ ತಪಾಸಣೆಯವರೆಗಿನ ದಿನಗಳಿಗೆ 10 ಮಾತ್ರೆ ಕೂಡಿಸಿ ಕೊಡುವುದು ಇದಕ್ಕೆ ಅತಿ ಸರಳ ಉಪಾಯ.

ಕೊಟ್ಟ ಮಾತ್ರೆಗಳ ಸಂಖ್ಯೆಯನ್ನು ರಿಜಿಸ್ಟರ್‌ನಲ್ಲಿ ಬರೆದರೆ ಕೊಟ್ಟದ್ದರ ದಾಖಲೆ ಆಯಿತೇ ಹೊರತು ನುಂಗಿದ್ದರ ದಾಖಲೆ ಆಗಲಿಲ್ಲ. "ಇಷ್ಟು ಶೇಕಡ ಗರ್ಭಿಣಿಯರಿಗೆ ಮಾತ್ರೆ ತಲುಪಿದೆ" ಎಂಬ ಅಂಕಿ ನಿಮ್ಮ ವರದಿಗಾರರ ಕೈಗೆ ಬಂದಾಗ ಅದು ಯಾವ ಲೆಕ್ಕ ಎಂದು ಅವರು ಕೇಳಬೇಕೆಂದು ನಮ್ಮ ವಿನಂತಿ. ನುಂಗಿದ್ದನ್ನು ಅಳೆಯುವುದು ಕಷ್ಟವೇನಲ್ಲ. 28 ದಿನದ ಹಿಂದೆ 38 ಕೊಟ್ಟಿದ್ದರೆ ಈಗ 10 ಉಳಿದಿರಬೇಕು. 17 ಉಳಿದಿದ್ದರೆ ನುಂಗಿದ್ದು 21, ಅಂದರೆ ನಾಲ್ಕರಲ್ಲಿ ಮೂರು ಪಾಲು. ಆದರೆ ಎಣಿಕೆಯ ಜೊತೆ ಗದರಿಕೆಯೂ ಬಂದರೆ ಮುಂದಿನ ಸಲ ಉಳಿದ ಮಾತ್ರೆಗಳು ಮನೆಯಲ್ಲೇ ಉಳಿದು ಖಾಲಿ ಸ್ಟ್ರಿಪ್ ಮಾತ್ರ ಬರುತ್ತದೆ. ಆಮೇಲೆ ಆ ಲೆಕ್ಕಕ್ಕೆ ಬೆಲೆಯಿಲ್ಲ.

ಕೇಳುವ ರೀತಿಯೂ ಮುಖ್ಯ. "ಮಾತ್ರೆ ಸರಿಯಾಗಿ ತಗೋತಿದ್ದೀಯಾ?" ಎಂದು ಕೇಳಿದರೆ ಉತ್ತರ "ಹೂಂ" ಎಂದೇ. ಅದಕ್ಕಿಂತ "ಈ ಮಾತ್ರೆ ಎಲ್ಲರಿಗೂ ಒಂದಿಷ್ಟು ಕಷ್ಟವೇ ಕಣಮ್ಮ. ಹೋದ ವಾರ ನಿನಗೆ ಎಷ್ಟು ದಿನ ತಪ್ಪಿರಬಹುದು?" ಎಂದು ಕೇಳಿದರೆ ತಪ್ಪಿದ್ದನ್ನು ಹೇಳಲು ಸಂಕೋಚವಿರುವುದಿಲ್ಲ. "ಮೂರು ದಿನ" ಎಂದರೆ ಮುಂದಿನ ಪ್ರಶ್ನೆ, "ನುಂಗಿದರೆ ಏನಾಗುತ್ತೆ?" ಆಗ ವಾಕರಿಕೆಯೋ ಎದೆಯುರಿಯೋ ಮರೆವೋ ಎಂಬುದು ಗೊತ್ತಾಗುತ್ತದೆ. ಮರೆವಾದರೆ ದಿನವೂ ತಪ್ಪದ ಯಾವುದಾದರೂ ಕೆಲಸದ ಜೊತೆ ಮಾತ್ರೆಯನ್ನು ಗಂಟು ಹಾಕಬೇಕು. ಮೊಬೈಲ್‌ನಲ್ಲಿ ಅಲಾರಂ ಇಡಬಹುದು, ಮನೆಯಲ್ಲಿ ಒಬ್ಬರಿಗೆ ನೆನಪಿಸುವ ಜವಾಬ್ದಾರಿ ವಹಿಸಬಹುದು. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗಬಾರದು. ಎಂದಿನ ಒಂದನ್ನೇ ಮುಂದುವರಿಸಿದರೆ ಸಾಕು.

ಗಂಡನಿಗೂ ಅತ್ತೆಗೂ ಅಮ್ಮನಿಗೂ ಈ ವಿಷಯ ತಿಳಿಯದೆ ಗರ್ಭಿಣಿ ಒಬ್ಬಳೇ ತಿಳಿದುಕೊಂಡರೆ ಪ್ರಯೋಜನ ಕಡಿಮೆ. ಮಾತ್ರೆಯಿಂದ ಮಗು ತೀರಾ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯ ಹಲವು ದೇಶಗಳಲ್ಲಿದೆ. ಮಾತ್ರೆಯಿಂದಾಗುವುದು ಏನೆಂದರೆ ತಾಯಿಯ ರಕ್ತಹೀನತೆ ತಪ್ಪುತ್ತದೆ, ಮಗು ಕಡಿಮೆ ತೂಕದಲ್ಲಿ ಹುಟ್ಟುವ ಸಂಭವ ತಗ್ಗುತ್ತದೆ. ಹಿರಿಯರ ಈ ಭಯವನ್ನು ತಳ್ಳಿಹಾಕುವ ಬದಲು ಒಂದು ತಪಾಸಣೆಗೆ ಅವರನ್ನೂ ಕರೆತರಿಸಿ ಎದುರಿಗೇ ವಿವರಿಸಿದರೆ, ಮುಂದೆ ಮಾತ್ರೆ ನೆನಪಿಸುವವರು ಅವರೇ ಆಗುತ್ತಾರೆ.

ಹಿಮೊಗ್ಲೋಬಿನ್ ಪರೀಕ್ಷೆಯ ಫಲಿತಾಂಶವನ್ನು ಹೇಗೆ ಓದಬೇಕು ಎಂಬುದೂ ಗೊತ್ತಿರಲಿ. ಮೊದಲ ಮತ್ತು ಕೊನೆಯ ಮೂರು ತಿಂಗಳುಗಳಲ್ಲಿ ಡೆಸಿಲೀಟರಿಗೆ 11 ಗ್ರಾಂ, ನಡುವಿನ ಮೂರು ತಿಂಗಳಲ್ಲಿ 10.5 ಗ್ರಾಂ, ಇದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕೆಳಗಿದ್ದರೆ ತೀವ್ರ. ಬರೀ ಮಾತ್ರೆಯನ್ನು ನಂಬಿ ಕೂರುವ ಸ್ಥಿತಿ ಅದಲ್ಲ, ಆಸ್ಪತ್ರೆಯಲ್ಲೇ ನೋಡಬೇಕು. ನಡುವಿನ ತಿಂಗಳುಗಳಲ್ಲಿ ಮಿತಿ ಇಳಿಯಲು ಕಾರಣವಿದೆ. ಆಗ ರಕ್ತದ ದ್ರವಭಾಗ ಕೆಂಪುಕಣಗಳಿಗಿಂತ ವೇಗವಾಗಿ ಹೆಚ್ಚುವುದರಿಂದ ರಕ್ತ ಸಹಜವಾಗಿಯೇ ತೆಳುವಾಗುತ್ತದೆ. "ಮಾತ್ರೆ ನುಂಗಿದರೂ 11.4ರಿಂದ 10.8ಕ್ಕೆ ಇಳಿಯಿತು, ಇನ್ನೇಕೆ ನುಂಗಲಿ" ಎಂದು ಬೇಸರಪಡುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಬೆರಳಿನಿಂದ ರಕ್ತ ತೆಗೆಯುವಾಗ ಬೆರಳನ್ನು ಹಿಂಡಿದರೆ ಅಂಗಾಂಶದ ದ್ರವ ಸೇರಿ ಸಂಖ್ಯೆ ತಪ್ಪಾಗಿ ಕಡಿಮೆ ಬರಬಹುದು ಎಂಬುದನ್ನೂ ಪರೀಕ್ಷೆ ಮಾಡುವವರು ಮರೆಯಬಾರದು.

ರಕ್ತಹೀನತೆಗೆ ಚಿಕಿತ್ಸೆಯಾಗಿ ಮಾತ್ರೆ ನುಂಗುತ್ತಿರುವವರಲ್ಲಿ 2ರಿಂದ 4 ವಾರಗಳಲ್ಲಿ ಹಿಮೊಗ್ಲೋಬಿನ್ ಸುಮಾರು 1 ಗ್ರಾಂ ಏರಬೇಕು. ಏರದಿದ್ದರೆ ಮೊದಲ ಪ್ರಶ್ನೆ ನುಂಗಿದರೇ, ಯಾವಾಗ, ಯಾವುದರ ಜೊತೆ ಎಂಬುದು. ಅದೆಲ್ಲ ಸರಿಯಿದ್ದೂ ಏರದಿದ್ದರೆ ಗರ್ಭಿಣಿಯನ್ನು ಮತ್ತೆ ಮತ್ತೆ ಅನುಮಾನಿಸುವುದು ಅನ್ಯಾಯ. ಬಿ12 ಕೊರತೆ, ಕೊಕ್ಕೆಹುಳು, ಮಲೇರಿಯಾ, ದೀರ್ಘಕಾಲದ ಸೋಂಕು, ಮೂತ್ರಪಿಂಡದ ತೊಂದರೆ, ಥಲಸ್ಸೀಮಿಯಾ ಅಥವಾ ಕುಡಗೋಲು ಕಣದ ಕಾಯಿಲೆಯಂಥ ಅನುವಂಶಿಕ ರಕ್ತದೋಷ, ಇವುಗಳನ್ನು ಹುಡುಕಬೇಕು. ಕೊನೆಯ ಎರಡು ಇರುವವರು ಸ್ವಂತ ಬುದ್ಧಿಯಿಂದ ಮಾತ್ರೆಯ ಪ್ರಮಾಣ ಹೆಚ್ಚಿಸಿಕೊಳ್ಳಲೇಬಾರದು. ಮಾತ್ರೆ ನಿಜಕ್ಕೂ ಒಗ್ಗದವರಿಗೆ, ಹೆರಿಗೆ ಹತ್ತಿರವಾಗಿ ಸಮಯ ಸಾಲದವರಿಗೆ ರಕ್ತನಾಳದ ಮೂಲಕ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ನಂಥ ಔಷಧ ಕೊಡುವ ದಾರಿಯಿದೆ. ಮೊದಲ ಮೂರು ತಿಂಗಳಲ್ಲಿ ಅದನ್ನು ಕೊಡುವುದಿಲ್ಲ. ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದಾದ್ದರಿಂದ ತುರ್ತು ಚಿಕಿತ್ಸೆಯ ವ್ಯವಸ್ಥೆ ಇರುವಲ್ಲೇ ಹಾಕಿಸಿಕೊಂಡು ಅರ್ಧ ಗಂಟೆ ಅಲ್ಲೇ ಇರಬೇಕು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರೆ ಇಡುವ ಜಾಗದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಬಣ್ಣದ, ಸಿಹಿ ಲೇಪದ ಮಾತ್ರೆ ಮಗುವಿನ ಕಣ್ಣಿಗೆ ಮಿಠಾಯಿ. ದೇಹದ ತೂಕದ ಒಂದು ಕಿಲೋಗೆ 20 ಮಿಲಿಗ್ರಾಂ ಕಬ್ಬಿಣಾಂಶ ದಾಟಿದರೆ ವಿಷದ ಲಕ್ಷಣಗಳು ಶುರುವಾಗಬಹುದು, 60 ದಾಟಿದರೆ ಪ್ರಾಣಾಪಾಯ. 12 ಕಿಲೋ ತೂಗುವ ಮಗುವಿಗೆ 60ರ ಮಾತ್ರೆ 4 ಆದರೆ ಮೊದಲ ಮಿತಿ, 12 ಆದರೆ ಎರಡನೆಯದು. ಮೊದಲ ಕೆಲವು ಗಂಟೆ ವಾಂತಿ, ಭೇದಿ ಆಗಿ ಆಮೇಲೆ ಮಗು ಚೇತರಿಸಿಕೊಂಡಂತೆ ಕಾಣಬಹುದು. ಆ ಚೇತರಿಕೆಯನ್ನು ನಂಬಿ ಮನೆಯಲ್ಲಿ ಉಳಿಯಬಾರದು, ಮರುದಿನದ ಹೊತ್ತಿಗೆ ಸ್ಥಿತಿ ಕುಸಿಯಬಹುದು. ವಾಂತಿ ಮಾಡಿಸಲು ಹೋಗದೆ, ಸ್ಟ್ರಿಪ್ ಸಮೇತ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮಾತ್ರೆಯನ್ನು ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಮುಚ್ಚಿದ ಡಬ್ಬಿಯಲ್ಲಿ, ತೇವ ತಾಗದ ಕಡೆ ಇಡಬೇಕು. ನೆನಪಾಗಲೆಂದು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಿ ಎಂಬ ಸಲಹೆ ಮಕ್ಕಳಿಲ್ಲದ ಮನೆಗೆ ಮಾತ್ರ.

ಹೆರಿಗೆಯಾದ ದಿನಕ್ಕೆ ಮಾತ್ರೆ ಮುಗಿಯಿತು ಎಂದು ಎಲ್ಲರೂ ತಿಳಿದಿರುತ್ತಾರೆ, ಎಷ್ಟೋ ಬಿಡುಗಡೆ ಚೀಟಿಗಳಲ್ಲೂ ಅದರ ಉಲ್ಲೇಖವಿರುವುದಿಲ್ಲ. ಹಿಮೊಗ್ಲೋಬಿನ್ 11 ಇರುವ ತಾಯಿ ಹೆರಿಗೆಯಲ್ಲಿ ಅರ್ಧ ಲೀಟರ್ ರಕ್ತ ಕಳೆದುಕೊಂಡರೆ ಅದರೊಂದಿಗೆ ಸುಮಾರು 185 ಮಿಲಿಗ್ರಾಂ ಕಬ್ಬಿಣಾಂಶ ಹೋಗಿರುತ್ತದೆ. ಗರ್ಭಿಣಿಯರ ರಕ್ತಹೀನತೆ ಸಮಸ್ಯೆಯಾಗಿರುವ ಕಡೆಗಳಲ್ಲಿ ಹೆರಿಗೆಯ ನಂತರ 6ರಿಂದ 12 ವಾರ ಮಾತ್ರೆ ಮುಂದುವರಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಎದೆಹಾಲು ಕುಡಿಸುವವರಿಗೆ ಇದರಿಂದ ತೊಂದರೆಯಿಲ್ಲ. ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆ ಚೀಟಿಯಲ್ಲಿ ಕಬ್ಬಿಣಾಂಶದ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ ಎಂದು ಬರೆದಿದೆಯೇ ಎಂದು ಜೊತೆಗಿರುವವರು ಓದಿ ನೋಡಲಿ. ಬರೆದಿಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಂಡು, 6 ವಾರಕ್ಕೆ 42 ಮಾತ್ರೆ ಎಣಿಸಿ ತೆಗೆದುಕೊಂಡೇ ಹೊರಡಬೇಕು.

ಇತಿ,
ಗರ್ಭಿಣಿಯರ ಆರೈಕೆಯಲ್ಲಿ ತೊಡಗಿರುವ ವೈದ್ಯರು ಮತ್ತು ಶುಶ್ರೂಷಕಿಯರು